ಅಮೆರಿಕದ ಕಮ್ಯುನಿಟಿ ಕಾಲೇಜಲ್ಲಿ ಪಾಠ ಮಾಡ್ಬೇಕಾ? ಮಾಸ್ಟರ್ಸ್‌ಗೆ ಫೀಸ್ ಕಟ್ಟೋ ಮುಂಚೆ ಇದನ್ನ ಓದಿ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕನ್ನಡದೋರು ನಾಕು ಜನ ಸೇರಿದ ಕಡೆ ಈ ಪ್ರಶ್ನೆ ಬಂದೇ ಬರತ್ತೆ, "ನಾನು ಊರಲ್ಲಿ ಡಿಗ್ರಿ ಕಾಲೇಜಲ್ಲಿ ಲೆಕ್ಚರರ್ ಆಗಿದ್ದೆ, ಇಲ್ಲಿ ಪಾಠ ಮಾಡಕ್ಕೆ ಏನ್ ಓದ್ಬೇಕು?" ಅಂತ. ಪಕ್ಕದಲ್ಲಿರೋರು ಒಬ್ರು ಪಿಎಚ್‌ಡಿ ಇಲ್ದೆ ಆಗಲ್ಲ ಅಂತಾರೆ, ಇನ್ನೊಬ್ರು ಟೀಚಿಂಗ್ ಕ್ರೆಡೆನ್ಶಿಯಲ್, ಅಂದ್ರೆ ಟೀಚರ್ ಲೈಸೆನ್ಸ್ ಮಾಡ್ಕೊಳಿ ಅಂತಾರೆ, ಮತ್ತೊಬ್ರು ಎಜುಕೇಶನ್‌ನಲ್ಲಿ ಮಾಸ್ಟರ್ಸ್ ಮಾಡಿ ಅಂತಾರೆ. ಕಮ್ಯುನಿಟಿ ಕಾಲೇಜಿನ ಮಟ್ಟಿಗೆ ಈ ಮೂರರಲ್ಲಿ ಒಂದೂ ಬೇಕಾಗಲ್ಲ. ಬೇಕಾಗಿರೋದು ನೀವು ಕಲಿಸೋ ವಿಷಯದಲ್ಲೇ ಒಂದು ಮಾಸ್ಟರ್ಸ್, ಜೊತೆಗೆ ಕ್ಲಾಸ್ ಮುಂದೆ ನಿಂತ ಅನುಭವ. ಕ್ರೆಡೆನ್ಶಿಯಲ್ ಅನ್ನೋದು ಹೈಸ್ಕೂಲ್ ತನಕ ಕಲಿಸೋರಿಗೆ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲೂ ಹಿಂದೆ ಅದು ಇತ್ತು, 1988ರಲ್ಲಿ ಎಬಿ 1725 ಅನ್ನೋ ಕಾನೂನು ಬಂದು ಅದನ್ನ ತೆಗೆದು "ಕನಿಷ್ಠ ಅರ್ಹತೆ" ಅಂತ ಒಂದು ಪಟ್ಟಿ ಮಾಡಿದ್ರು, ಈಗ ನಡೀತಿರೋದು ಆ ಪಟ್ಟಿ ಪ್ರಕಾರನೇ.

ಕಮ್ಯುನಿಟಿ ಕಾಲೇಜ್ ಅಂದ್ರೆ ಯಾವ ಥರದ್ದು ಅಂತ ಗೊತ್ತಿಲ್ಲದೋರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಇದು ಎರಡು ವರ್ಷದ ಸರ್ಕಾರಿ ಕಾಲೇಜು, ಮೊದಲನೇದು ಇಲಿನಾಯ್‌ನ ಜೋಲಿಯೆಟ್‌ನಲ್ಲಿ 1901ರಲ್ಲಿ ಶುರುವಾಯ್ತು. ಇಲ್ಲಿ ಅಸೋಸಿಯೇಟ್ ಡಿಗ್ರಿ ಮಾಡಿ ಮೂರನೇ ವರ್ಷಕ್ಕೆ ದೊಡ್ಡ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗ್ಬಹುದು, ಇಲ್ಲಾ ನರ್ಸಿಂಗ್, ಆಟೋಮೋಟಿವ್, ಅಕೌಂಟಿಂಗ್ ಥರದ ಕೆಲಸದ ಕೋರ್ಸ್ ಮಾಡ್ಬಹುದು. ನಮ್ಮ ಪಿಯುಸಿ, ಪಾಲಿಟೆಕ್ನಿಕ್, ಬಿಎಸ್ಸಿ ಮೊದಲ ಎರಡು ವರ್ಷ ಮೂರನ್ನೂ ಒಂದೇ ಕಾಂಪೌಂಡ್ ಒಳಗೆ ಹಾಕಿದ್ರೆ ಹೇಗಿರತ್ತೋ ಹಾಗೆ ಅಂದ್ಕೊಳಿ. ಕ್ಯಾಲಿಫೋರ್ನಿಯಾ ಒಂದರಲ್ಲೇ 116 ಕಾಲೇಜುಗಳಿವೆ, 73 ಡಿಸ್ಟ್ರಿಕ್ಟ್‌ಗಳ (ಕಾಲೇಜು ನಡೆಸೋ ಆಡಳಿತ ಘಟಕಗಳ) ಕೆಳಗೆ. ನಮ್ಮೋರು ಜಾಸ್ತಿ ಇರೋ ಕಡೆನೇ ನೋಡಿದ್ರೆ ಕ್ಯುಪರ್ಟಿನೋದಲ್ಲಿ ಡಿ ಆಂಜಾ, ಲಾಸ್ ಆಲ್ಟೋಸ್ ಹಿಲ್ಸ್‌ನಲ್ಲಿ ಫುಟ್‌ಹಿಲ್, ಸಾಂಟಾ ಕ್ಲಾರಾದಲ್ಲಿ ಮಿಷನ್, ಫ್ರೀಮಾಂಟ್‌ನಲ್ಲಿ ಒಲೋನಿ ಇದೆ.

ಕೆಲಸ ಅಂದ್ರೆ ಪಾಠನೇ. ಪೇಪರ್ ಪಬ್ಲಿಷ್ ಮಾಡಿ ಅಂತ ಯಾರೂ ಕೇಳಲ್ಲ. ಫುಲ್‌ಟೈಮ್ ಅಂದ್ರೆ ಸಾಮಾನ್ಯವಾಗಿ ಸೆಮಿಸ್ಟರ್‌ಗೆ 15 ಯೂನಿಟ್ (ಕ್ರೆಡಿಟ್), ಅಂದ್ರೆ 3 ಯೂನಿಟ್‌ನ ಕ್ಲಾಸ್ ಆದ್ರೆ ಐದು, ಅದ್ರ ಮೇಲೆ ಆಫೀಸ್ ಅವರ್ಸ್ (ವಿದ್ಯಾರ್ಥಿಗಳು ಬಂದು ಡೌಟ್ ಕೇಳೋ ಹೊತ್ತು), ಕಮಿಟಿ ಕೆಲಸ, ಕಟ್ಟುಗಟ್ಟಲೆ ಪೇಪರ್ ತಿದ್ದೋದು. ರಿಸರ್ಚ್ ಮೇಲೆ ಆಸೆ ಇರೋರಿಗೆ ಇದು ಸರಿಹೋಗಲ್ಲ, ಈಗ್ಲೇ ಬೇರೆ ದಾರಿ ನೋಡ್ಕೊಳಿ.

ಮೊದಲು ಪಟ್ಟಿ ಓದಿ, ಆಮೇಲೆ ಯೂನಿವರ್ಸಿಟಿ ಹುಡುಕಿ

ಎಲ್ರೂ ಮಾಡೋದು ಉಲ್ಟಾ. ಮನೆ ಹತ್ರ ಯಾವ ಮಾಸ್ಟರ್ಸ್ ಸಿಗತ್ತೆ, ಯಾವುದು ಆನ್‌ಲೈನ್ ಇದೆ ಅಂತ ನೋಡಿ ಸೇರ್ಕೊಂಡು, ಮುಗಿದ ಮೇಲೆ ಕೆಲಸಕ್ಕೆ ಹಾಕಕ್ಕೆ ಹೋದಾಗ "ನಿಮ್ಮ ಡಿಗ್ರಿ ಈ ವಿಷಯಕ್ಕೆ ಆಗಲ್ಲ" ಅಂತ ಬರತ್ತೆ. ಕ್ಯಾಲಿಫೋರ್ನಿಯಾದ ಕನಿಷ್ಠ ಅರ್ಹತೆಯ ಪಟ್ಟಿ ಕಮ್ಯುನಿಟಿ ಕಾಲೇಜುಗಳ ಚಾನ್ಸಲರ್ ಆಫೀಸಿನ ವೆಬ್‌ಸೈಟಲ್ಲಿ ಪಿಡಿಎಫ್ ಆಗಿ ಫ್ರೀಯಾಗಿ ಸಿಗತ್ತೆ, ಡೌನ್‌ಲೋಡ್ ಮಾಡಿ ನಿಮ್ಮ ವಿಷಯದ ಹೆಸರಿನ ಮುಂದೆ ಏನು ಬರೆದಿದೆ ಅಂತ ಒಂದೊಂದು ಪದಾನೂ ಬಿಡದೆ ಓದಿ, ಅದ್ರಲ್ಲಿ "ಮತ್ತು" ಎಲ್ಲಿದೆ "ಅಥವಾ" ಎಲ್ಲಿದೆ ಅನ್ನೋದರ ಮೇಲೆನೇ ಎಲ್ಲಾ ನಿಂತಿರೋದು.

ಉದಾಹರಣೆಗೆ ಮ್ಯಾಥ್ಸ್ ತಗೊಳಿ. ಮ್ಯಾಥ್ಸ್ ಅಥವಾ ಅಪ್ಲೈಡ್ ಮ್ಯಾಥ್ಸ್‌ನಲ್ಲಿ ಮಾಸ್ಟರ್ಸ್ ಇದ್ರೆ ಮುಗೀತು, ಬಿಎಸ್ಸಿ ಯಾವುದರಲ್ಲಿ ಅಂತ ಕೇಳಲ್ಲ. ಆದ್ರೆ ಸ್ಟ್ಯಾಟಿಸ್ಟಿಕ್ಸ್, ಫಿಸಿಕ್ಸ್ ಅಥವಾ ಮ್ಯಾಥ್ಸ್ ಎಜುಕೇಶನ್‌ನಲ್ಲಿ ಮಾಸ್ಟರ್ಸ್ ಇದ್ರೆ, ಬ್ಯಾಚುಲರ್ಸ್ ಮ್ಯಾಥ್ಸ್‌ನಲ್ಲೇ ಇರ್ಬೇಕು. ಈಗ ಬಿಇ ಮಾಡಿ ಬಂದಿರೋರು ಇಲ್ಲಿ ಎಂಎಸ್ ಸ್ಟ್ಯಾಟಿಸ್ಟಿಕ್ಸ್ ಮಾಡಿದ್ರೂ ಅಂದ್ಕೊಳಿ. ಬ್ಯಾಚುಲರ್ಸ್ ಎಂಜಿನಿಯರಿಂಗ್, ಮಾಸ್ಟರ್ಸ್ ಸ್ಟ್ಯಾಟಿಸ್ಟಿಕ್ಸ್, ಎರಡೂ ಒಳ್ಳೆ ಡಿಗ್ರಿನೇ, ಆದ್ರೆ ಪಟ್ಟಿ ಪ್ರಕಾರ ಮ್ಯಾಥ್ಸ್ ಕಲಿಸಕ್ಕೆ ನೇರವಾಗಿ ಅರ್ಹತೆ ಬರಲ್ಲ! ಅದೇ ಎರಡು ವರ್ಷ, ಹೆಚ್ಚುಕಮ್ಮಿ ಅದೇ ದುಡ್ಡು ಹಾಕಿ ಅಪ್ಲೈಡ್ ಮ್ಯಾಥ್ಸ್ ಮಾಡಿದ್ರೆ ಯಾವ ತಕರಾರೂ ಇಲ್ಲ. ಬರೀ "ಎಜುಕೇಶನ್" ಅಂತ ಇರೋ ಮಾಸ್ಟರ್ಸ್ ಮಾಡಿದ್ರಂತೂ ಮ್ಯಾಥ್ಸ್‌ಗೂ ಆಗಲ್ಲ, ಇಂಗ್ಲಿಷ್‌ಗೂ ಸಾಮಾನ್ಯವಾಗಿ ಆಗಲ್ಲ.

ಕಂಪ್ಯೂಟರ್ ಸೈನ್ಸ್‌ನಲ್ಲಿ ಇದಕ್ಕೆ ಉಲ್ಟಾ, ಬಾಗಿಲು ಸ್ವಲ್ಪ ಅಗಲ ಇದೆ. ಸಿಎಸ್‌ನಲ್ಲಿ ಮಾಸ್ಟರ್ಸ್ ಇಲ್ದೇ ಇದ್ರೂ, ಸಿಎಸ್ ಬಿಇ ಜೊತೆ ಎಂಬಿಎ ಇದ್ರೆ ಪಟ್ಟಿ ಒಪ್ಕೊಳತ್ತೆ. ಊರಲ್ಲಿ ಬಿಇ, ಎಂಬಿಎ ಮಾಡಿ ಇಲ್ಲಿ ಮನೇಲಿ ಕೂತಿರೋ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಡೇಟಾ ಸೈನ್ಸ್, ಅನಲಿಟಿಕ್ಸ್ ಥರ ಹೊಸ ಹೆಸರಿನ ಡಿಗ್ರಿ ಆದ್ರೆ ನೀವು ಕೆಲಸಕ್ಕೆ ಹಾಕೋ ವರ್ಷದ ಪಟ್ಟೀಲಿ ಆ ಹೆಸರು ಇದ್ಯಾ ಅಂತ ಮೊದಲು ನೋಡಿ. ನೆಟ್‌ವರ್ಕಿಂಗ್, ಆಟೋ ಥರದ ಕೆಲಸದ ವಿಷಯಗಳಿಗೆ ಮಾಸ್ಟರ್ಸೇ ಬೇಡ, ಬ್ಯಾಚುಲರ್ಸ್ ಜೊತೆ 2 ವರ್ಷ ಕೆಲಸ, ಇಲ್ಲಾ ಅಸೋಸಿಯೇಟ್ ಡಿಗ್ರಿ ಜೊತೆ 6 ವರ್ಷ ಕೆಲಸ ಮಾಡಿದ್ರೆ ಸಾಕು.

ಪಟ್ಟೀಲಿ ನಿಮ್ಮ ಜೋಡಿ ಡಿಗ್ರಿ ಇಲ್ಲ ಅಂದ್ರೆ ಈಕ್ವಿವೆಲೆನ್ಸಿ ಅಂತ ಒಂದು ಅರ್ಜಿ ಇರತ್ತೆ, ನಾನು ಮಾಡಿರೋ ಕೋರ್ಸ್‌ಗಳು ಆ ಡಿಗ್ರಿಗೆ ಸಮ ಅಂತ ನೀವೇ ತೋರಿಸ್ಬೇಕು, ಕಾಲೇಜಿನ ಫ್ಯಾಕಲ್ಟಿ ಕಮಿಟಿ ನೋಡಿ ಹೇಳತ್ತೆ. ಒಂದು ಡಿಸ್ಟ್ರಿಕ್ಟ್ ಕೊಟ್ಟ ಈಕ್ವಿವೆಲೆನ್ಸಿ ಇನ್ನೊಂದು ಡಿಸ್ಟ್ರಿಕ್ಟಲ್ಲಿ ನಡೆಯಲ್ಲ, ಅಲ್ಲಿ ಮತ್ತೆ ಮೊದಲಿಂದ. ಇದನ್ನ ನಂಬ್ಕೊಂಡು ಡಿಗ್ರಿ ಆರಿಸ್ಬೇಡಿ ಅನ್ನೋದು ನನ್ನ ಮಾತು. ಮೊದಲೇ ಕೈಲಿರೋ ಡಿಗ್ರಿಗೆ ಬೇರೆ ದಾರಿ ಇಲ್ಲ ಅಂದಾಗ ಮಾತ್ರ ಬಳಸಿ.

ಟೆಕ್ಸಸ್, ವರ್ಜೀನಿಯಾ, ಜಾರ್ಜಿಯಾ, ನಾರ್ತ್ ಕೆರೊಲಿನಾ ಕಡೆ ಇರೋರಿಗೆ ಲೆಕ್ಕ ಬೇರೆ. ಅಲ್ಲಿನ ಕಾಲೇಜುಗಳಿಗೆ ಮಾನ್ಯತೆ ಕೊಡೋ ಸಂಸ್ಥೆ ಹೇಳೋದು ಹೀಗೆ: ಆ ವಿಷಯದಲ್ಲಿ ಮಾಸ್ಟರ್ಸ್, ಇಲ್ಲಾ ಯಾವುದಾದ್ರೂ ಮಾಸ್ಟರ್ಸ್ ಜೊತೆ ಆ ವಿಷಯದಲ್ಲಿ ಕನಿಷ್ಠ 18 ಗ್ರಾಜುಯೇಟ್ ಸೆಮಿಸ್ಟರ್ ಅವರ್ಸ್, ಅಂದ್ರೆ ಮಾಮೂಲಿ ಆರು ಕೋರ್ಸ್. ಇದು ಒಳ್ಳೆ ಅನುಕೂಲ. ಎಂಟೆಕ್ ಇದ್ದು ಮ್ಯಾಥ್ಸ್ ಕಲಿಸೋ ಆಸೆ ಇದ್ರೆ ಪೂರ್ತಿ ಇನ್ನೊಂದು ಮಾಸ್ಟರ್ಸ್ ಮಾಡೋ ಬದಲು ಆರು ಗ್ರಾಜುಯೇಟ್ ಮ್ಯಾಥ್ಸ್ ಕೋರ್ಸ್ ಮಾಡ್ಕೊಂಡ್ರೆ ಆಯ್ತು. ಆದ್ರೆ ಕೋರ್ಸ್‌ನ ಕೋಡ್ ಮ್ಯಾಥ್ಸ್ ಡಿಪಾರ್ಟ್‌ಮೆಂಟಿಂದೇ ಆಗಿರ್ಲಿ, "ಮ್ಯಾಥ್ಸ್ ಕಲಿಸೋದು ಹೇಗೆ" ಅನ್ನೋ ಎಜುಕೇಶನ್ ಕೋರ್ಸನ್ನ ಕೆಲವು ಕಡೆ ಲೆಕ್ಕಕ್ಕೆ ತಗೊಳಲ್ಲ.

ಊರಿನ ಡಿಗ್ರಿಯ ಇವ್ಯಾಲ್ಯುಯೇಶನ್

ಇನ್ನೊಂದು ಮಾಸ್ಟರ್ಸ್‌ಗೆ ದುಡ್ಡು ಸುರಿಯೋ ಮುಂಚೆ ಕೈಲಿರೋದಕ್ಕೆ ಎಷ್ಟು ಬೆಲೆ ಇದೆ ಅಂತ ನೋಡ್ಕೊಳಿ. ಮೈಸೂರಲ್ಲೋ ಧಾರವಾಡದಲ್ಲೋ ಎಂಎಸ್ಸಿ ಮ್ಯಾಥ್ಸ್ ಮಾಡಿದ್ರೆ ನಿಮಗೆ ಹೊಸ ಡಿಗ್ರಿನೇ ಬೇಡದೇ ಇರ್ಬಹುದು. ನೇಸಸ್ ಅನ್ನೋ ಒಕ್ಕೂಟದಲ್ಲಿ ಸದಸ್ಯರಾಗಿರೋ ಏಜೆನ್ಸಿಗಳಿವೆ, ಡಬ್ಲ್ಯುಇಎಸ್ ಅದ್ರಲ್ಲಿ ಒಂದು, ಅಂಥ ಕಡೆಯಿಂದ "ಕೋರ್ಸ್ ಬೈ ಕೋರ್ಸ್" ರಿಪೋರ್ಟ್ ಮಾಡಿಸಿ. ಬರೀ ಡಿಗ್ರಿ ಸಮಾನ ಅಂತ ಹೇಳೋ ಚಿಕ್ಕ ರಿಪೋರ್ಟ್ ಕಮ್ಮಿ ದುಡ್ಡಿಗೆ ಸಿಗತ್ತೆ, ಅದನ್ನ ಮಾಡಿಸ್ಬೇಡಿ, ಕಾಲೇಜಿಗೆ ಯಾವ ಕೋರ್ಸ್ ಎಷ್ಟು ಯೂನಿಟ್ ಅಂತ ಬೇಕು. ನೀವು ಹಾಕ್ಬೇಕು ಅಂತಿರೋ ಡಿಸ್ಟ್ರಿಕ್ಟ್ ಯಾವ ಏಜೆನ್ಸಿಗಳನ್ನ ಒಪ್ಪತ್ತೆ ಅಂತ ಅವರ ಎಚ್‌ಆರ್ ಪೇಜಲ್ಲಿ ಇರತ್ತೆ, ಮೊದಲು ಅದನ್ನ ನೋಡಿ ಆಮೇಲೆ ದುಡ್ಡು ಕಟ್ಟಿ. ಬಿಎಸ್ಸಿ ಮೂರು ವರ್ಷದ್ದು ಅನ್ನೋ ಕಾರಣಕ್ಕೆ ಒಂದೊಂದು ಏಜೆನ್ಸಿ ಒಂದೊಂದು ಥರ ಹೇಳೋದುಂಟು, ನಾಕು ವರ್ಷದ ಬಿಇ ಜೊತೆ ಎಂಟೆಕ್ ಇರೋರಿಗೆ ಆ ರಗಳೆ ಇಲ್ಲ.

ಟ್ರಾನ್ಸ್‌ಕ್ರಿಪ್ಟ್ ಯೂನಿವರ್ಸಿಟಿಯಿಂದನೇ ಸೀಲ್ ಆಗಿ ಹೋಗ್ಬೇಕು ಅಂತಾರೆ. ಅಮೆರಿಕದಲ್ಲಿ ಕೂತು ಊರಿನ ಯೂನಿವರ್ಸಿಟಿ ಆಫೀಸಿಗೆ ಫೋನ್ ಮಾಡ್ತಾ ಇರೋದು ಎಂಥ ಕಷ್ಟ ಅಂತ ಮಾಡಿದೋರಿಗೇ ಗೊತ್ತು, ಮುಂದಿನ ಸಲ ಊರಿಗೆ ಹೋದಾಗ ಮದುವೆ ಮುಂಜಿ ನಡುವೆ ಒಂದು ದಿನ ಇದಕ್ಕೇ ಇಟ್ಕೊಳಿ, ಸಿಲಬಸ್ ಕಾಪಿನೂ ತಗೊಂಡು ಬನ್ನಿ, ಈಕ್ವಿವೆಲೆನ್ಸಿ ಅರ್ಜಿ ಹಾಕೋ ಪರಿಸ್ಥಿತಿ ಬಂದ್ರೆ ಅದೇ ಕೈಹಿಡಿಯೋದು. ಅಂದಹಾಗೆ ನೆಟ್, ಕೆಸೆಟ್ ಪಾಸಾಗಿರೋದಕ್ಕೆ ಇಲ್ಲಿ ಲೆಕ್ಕ ಇಲ್ಲ. ರೆಸ್ಯುಮೆಯಲ್ಲಿ ಒಂದು ಸಾಲು ಬರೀರಿ, ಅಷ್ಟೇ.

ಹೊಸದಾಗಿ ಓದೋದೇ ಆದ್ರೆ ಎಲ್ಲಿ, ಏನು

ಕ್ಯಾಲಿಫೋರ್ನಿಯಾದಲ್ಲಿ ನನ್ನ ವೋಟು ಸಿಎಸ್‌ಯುಗೆ, ಅಂದ್ರೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ಕಾಲೇಜುಗಳಿಗೆ. ಸ್ಯಾನ್ ಹೋಸೆ ಸ್ಟೇಟ್, ಹೇವರ್ಡ್‌ನಲ್ಲಿರೋ ಈಸ್ಟ್ ಬೇ, ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಇವೆಲ್ಲ ಆ ಗುಂಪು. ಯುಸಿಗಳ, ಅಂದ್ರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಕ್ಯಾಂಪಸ್‌ಗಳ ಗಮನ ಹೆಚ್ಚಾಗಿ ಪಿಎಚ್‌ಡಿ ಕಡೆ ಇರತ್ತೆ, ಸಿಎಸ್‌ಯುಗಳಲ್ಲಿ ಮಾಸ್ಟರ್ಸೇ ಮುಖ್ಯ, ಎಷ್ಟೋ ಡಿಪಾರ್ಟ್‌ಮೆಂಟಲ್ಲಿ ಕ್ಲಾಸ್ ಸಂಜೆ ಹೊತ್ತು ಇರತ್ತೆ, ಮಕ್ಕಳನ್ನ ಸಂಭಾಳಿಸ್ಕೊಂಡು ಓದೋರಿಗೆ ಅದು ದೊಡ್ಡ ಅನುಕೂಲ. ಹತ್ತಿರದ ಕಮ್ಯುನಿಟಿ ಕಾಲೇಜಲ್ಲಿ ಕಲಿಸ್ತಿರೋ ಬಹಳ ಜನ ಇಲ್ಲೇ ಓದಿ ಹೋಗಿರೋರು, ಹಾಗಾಗಿ ಅಲ್ಲಿನ ಪ್ರೊಫೆಸರ್‌ಗಳಿಗೆ ಯಾವ ಕಾಲೇಜಲ್ಲಿ ಪಾರ್ಟ್‌ಟೈಮ್ ಜನ ಬೇಕಾಗಿದೆ ಅನ್ನೋದೂ ಗೊತ್ತಿರತ್ತೆ. ಎಚ್-4ನಲ್ಲಿರೋರು (ಎಚ್-1ಬಿ ಕೆಲಸದ ವೀಸಾದೋರ ಗಂಡ ಹೆಂಡತಿ ಮಕ್ಕಳು) ಎಫ್-1 ಅನ್ನೋ ಸ್ಟೂಡೆಂಟ್ ವೀಸಾಗೆ ಬದಲಾಯಿಸದೇನೇ ಓದ್ಬಹುದು, ರಾಜ್ಯದಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ನೆಲೆಸಿದ್ದು ಪುರಾವೆ ಇದ್ರೆ ರೆಸಿಡೆಂಟ್ ಫೀಸ್ ಸಿಗೋ ಅವಕಾಶನೂ ಇದೆ, ಅಡ್ಮಿಷನ್ ಆಫೀಸಲ್ಲಿ ಕೇಳಿ, ಅವ್ರಾಗೇ ಹೇಳ್ತಾರೆ ಅಂತ ಕಾಯ್ಬೇಡಿ.

ಕೋರ್ಸ್ ಆರಿಸೋವಾಗ ಕಾಲೇಜಲ್ಲಿ ಯಾವ ಪಾಠ ಓಡ್ತಾ ಇದೆ ಅನ್ನೋದು ತಲೇಲಿರ್ಲಿ. ಮ್ಯಾಥ್ಸ್‌ನೋರಿಗೆ ಇದು ತುಂಬಾ ಮುಖ್ಯ. ಮೊದಲೆಲ್ಲ ಪ್ಲೇಸ್‌ಮೆಂಟ್ ಟೆಸ್ಟ್ ಬರೆಸಿ, ಅಂಕ ಕಮ್ಮಿ ಬಂದೋರನ್ನ ಹೈಸ್ಕೂಲ್ ಮಟ್ಟದ ಅಲ್ಜೀಬ್ರಾ ಕ್ಲಾಸಿಗೆ ಹಾಕೋರು, ಅಲ್ಲೇ ಸಿಕ್ಕಾಕ್ಕೊಂಡು ಎಷ್ಟೋ ಜನ ಕಾಲೇಜೇ ಬಿಟ್ಟು ಹೋಗೋರು. 2017ರ ಎಬಿ 705, ಆಮೇಲೆ 2022ರ ಎಬಿ 1705 ಬಂದ ಮೇಲೆ ಬಹುತೇಕ ವಿದ್ಯಾರ್ಥಿಗಳು ನೇರವಾಗಿ ಟ್ರಾನ್ಸ್‌ಫರ್ ಮಟ್ಟದ ಕ್ಲಾಸಿಗೇ ಬರ್ತಾರೆ, ಬೇಕಾದೋರಿಗೆ ಪಕ್ಕದಲ್ಲೇ ಒಂದು ಸಪೋರ್ಟ್ ಕ್ಲಾಸ್. ಇದ್ರಿಂದ ಏನಾಗಿದೆ ಅಂದ್ರೆ ಸ್ಟ್ಯಾಟಿಸ್ಟಿಕ್ಸ್ ಕ್ಲಾಸ್‌ಗಳು ಜಾಸ್ತಿ ಬೇಕು, ಮತ್ತೆ ಒಂದೇ ಕ್ಲಾಸಲ್ಲಿ ಭಿನ್ನರಾಶಿ ಮರೆತೋರೂ ಇರ್ತಾರೆ ಹೈಸ್ಕೂಲಲ್ಲೇ ಕ್ಯಾಲ್ಕುಲಸ್ ಮುಗಿಸಿದೋರೂ ಇರ್ತಾರೆ, ಇಬ್ರನ್ನೂ ಜೊತೇಲಿ ಕರ್ಕೊಂಡು ಹೋಗೋದು ನಿಮ್ಮ ಕೆಲಸ. ಹಾಗಾಗಿ ರಿಯಲ್ ಅನಾಲಿಸಿಸ್, ಅಬ್ಸ್‌ಟ್ರಾಕ್ಟ್ ಅಲ್ಜೀಬ್ರಾ ಎಷ್ಟು ಇಷ್ಟ ಇದ್ರೂ ಸರಿ, ಒಂದೆರಡು ಗಟ್ಟಿ ಸ್ಟ್ಯಾಟಿಸ್ಟಿಕ್ಸ್ ಕೋರ್ಸ್ ಟ್ರಾನ್ಸ್‌ಕ್ರಿಪ್ಟಲ್ಲಿ ಇರಲೇಬೇಕು ಅಂತೀನಿ.

ಇಂಗ್ಲಿಷ್‌ನೋರಿಗೂ ಇದೇ ಕಥೆ. ಊರಲ್ಲಿ ಎಂಎ ಇಂಗ್ಲಿಷ್ ಅಂದ್ರೆ ಶೇಕ್ಸ್‌ಪಿಯರ್, ಮಿಲ್ಟನ್. ಇಲ್ಲಿ ಡಿಪಾರ್ಟ್‌ಮೆಂಟಿನ ದೊಡ್ಡ ಪಾಲು ಮೊದಲ ವರ್ಷದ ಕಾಂಪೋಸಿಷನ್, ಪ್ರಬಂಧ ಬರೆಯೋದು ಕಲಿಸೋದು. ಲಿಟರೇಚರ್ ಮಾಸ್ಟರ್ಸ್ ಮಾಡ್ತಿದ್ರೂ ಕಾಂಪೋಸಿಷನ್ ಕಲಿಸೋ ಬಗ್ಗೆ ಇರೋ ಕೋರ್ಸ್‌ಗಳನ್ನ ತಗೊಳಿ, ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟಲ್ಲಿ ಅದಕ್ಕೇ ಒಂದು ಸರ್ಟಿಫಿಕೇಟ್ ಇದೆ. ಎರಡು ವರ್ಷದ ಕಾಲೇಜಿನ ಇಂಗ್ಲಿಷ್ ಮೇಷ್ಟ್ರುಗಳ ಸಂಘ ಒಂದಿದೆ, ಟಿವೈಸಿಎ ಅಂತಾರೆ, ಅವರು 2016ರಲ್ಲಿ ಇಂಥ ಟೀಚರ್‌ಗಳನ್ನ ತಯಾರು ಮಾಡೋದು ಹೇಗೆ ಅಂತ ಒಂದು ಮಾರ್ಗಸೂಚಿ ಹೊರತಂದ್ರು, ಕೋರ್ಸ್ ಆರಿಸಕ್ಕೆ ಮುಂಚೆ ಅದನ್ನ ಓದಿ. ಬೇರೆ ಭಾಷೆಯೋರಿಗೆ ಇಂಗ್ಲಿಷ್ ಕಲಿಸೋ ಇಎಸ್‌ಎಲ್‌ಗೆ ನೇರ ದಾರಿ ಅಂದ್ರೆ ಟೀಸಾಲ್ (ಅದನ್ನ ಕಲಿಸೋದು ಹೇಗೆ ಅನ್ನೋ) ಮಾಸ್ಟರ್ಸ್. ಎರಡು ಮೂರು ಭಾಷೆ ಮಾತಾಡ್ಕೊಂಡೇ ಬೆಳೆದಿರೋ ನಮಗೆ ಇದು ಚೆನ್ನಾಗಿ ಹೊಂದೋ ಕೆಲಸ ಅಂತ ನನ್ನ ಅನಿಸಿಕೆ, ಆದ್ರೆ ಯಾಕೋ ನಮ್ಮೋರು ಆ ಕಡೆ ಹೋಗೋದೇ ಕಮ್ಮಿ.

ಥೀಸಿಸ್ ಬೇಕಾ ಎಕ್ಸಾಮ್ ಸಾಕಾ ಅಂತ ಕೇಳ್ತೀರಾ, ಯಾವುದಾದ್ರೂ ಆಗತ್ತೆ. "ಕಮ್ಯುನಿಟಿ ಕಾಲೇಜ್ ಲೀಡರ್‌ಶಿಪ್" ಅಂತ ಇಡಿಡಿ (ಎಜುಕೇಶನ್‌ನಲ್ಲಿ ಡಾಕ್ಟರೇಟ್) ಡಿಗ್ರಿಗಳ ಜಾಹೀರಾತು ನೋಡಿರ್ತೀರಿ, ಅದು ಡೀನ್, ಪ್ರೆಸಿಡೆಂಟ್ ಆಗೋರಿಗೆ.

ಓದ್ತಾ ಇರುವಾಗ್ಲೇ ಕ್ಲಾಸ್ ಮುಂದೆ ನಿಲ್ಲಿ

ಡಿಗ್ರಿ ಎಲ್ರ ಹತ್ರನೂ ಇರತ್ತೆ, ಕೆಲಸಕ್ಕೆ ತಗೊಳೋ ಕಮಿಟಿ ನೋಡೋದು ನೀವು ಯಾರಿಗೆ ಕಲಿಸಿದೀರಿ ಅನ್ನೋದನ್ನ. ಮಾಸ್ಟರ್ಸ್ ಸೇರಿದ ಮೊದಲ ಸೆಮಿಸ್ಟರಲ್ಲೇ ಟೀಚಿಂಗ್ ಅಸೋಸಿಯೇಟ್ ಕೆಲಸಕ್ಕೆ ಹಾಕಿ. ಬರೀ ಪೇಪರ್ ತಿದ್ದೋದಲ್ಲ, ನಿಮ್ಮ ಹೆಸರಲ್ಲೇ ಒಂದು ಕ್ಲಾಸ್ ಕೊಡ್ತಾರಾ ಅಂತ ಕೇಳಿ, ಅದಕ್ಕೆ ತೂಕ ಜಾಸ್ತಿ. ಎಫ್-1ನೋರು ಸೆಮಿಸ್ಟರ್ ನಡೀವಾಗ ಕ್ಯಾಂಪಸ್ಸಲ್ಲಿ ವಾರಕ್ಕೆ 20 ಗಂಟೆ ತನಕ ಮಾಡ್ಬಹುದು. ಅದು ಸಿಗ್ಲಿಲ್ಲ ಅಂದ್ರೆ ಹತ್ತಿರದ ಕಮ್ಯುನಿಟಿ ಕಾಲೇಜಿನ ಟ್ಯೂಟರಿಂಗ್ ಸೆಂಟರ್. ಸಂಬಳ ಅಷ್ಟಕ್ಕಷ್ಟೇ, ಆದ್ರೆ ಅಲ್ಲಿನ ವಿದ್ಯಾರ್ಥಿಗಳು ಎಲ್ಲಿ ಎಡವ್ತಾರೆ ಅಂತ ಒಂದು ಸೆಮಿಸ್ಟರಲ್ಲಿ ಗೊತ್ತಾಗತ್ತೆ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿರೋರಿಗೆ ಇನ್ನೂ ಒಳ್ಳೆ ದಾರಿ ಇದೆ, ಲಾಸ್ ಏಂಜಲಿಸ್ ಡಿಸ್ಟ್ರಿಕ್ಟಿನ ಪ್ರಾಜೆಕ್ಟ್ ಮ್ಯಾಚ್ ಮತ್ತೆ ಸ್ಯಾನ್ ಡಿಯೇಗೋ ಕಡೆಯ ಕಾಲೇಜುಗಳು ಸೇರಿ ನಡೆಸೋ ಫ್ಯಾಕಲ್ಟಿ ಇಂಟರ್ನ್‌ಶಿಪ್, ಎರಡರಲ್ಲೂ ಅನುಭವ ಇರೋ ಪ್ರೊಫೆಸರ್ ಒಬ್ರ ಜೊತೆ ಹಾಕಿ ಕಲಿಸೋದು ಕಲಿಸ್ತಾರೆ.

ಊರಲ್ಲಿ ವರ್ಷಗಟ್ಟಲೆ ಪಾಠ ಮಾಡಿ ಬಂದೋರು ಸ್ವಲ್ಪ ಅಭ್ಯಾಸ ಬಿಡ್ಬೇಕಾಗತ್ತೆ. ನೋಟ್ಸ್ ಡಿಕ್ಟೇಟ್ ಮಾಡೋದು ಇಲ್ಲಿ ನಡೆಯಲ್ಲ. ಹತ್ತು ನಿಮಿಷ ಹೇಳಿ, ನಾಕು ನಾಕು ಜನರ ಗುಂಪು ಮಾಡಿ ಲೆಕ್ಕ ಮಾಡಕ್ಕೆ ಬಿಟ್ಟು, ನೀವು ನಡುವೆ ಓಡಾಡ್ಬೇಕು. ಸಿಲಬಸ್ ಅಂದ್ರೆ ಇಲ್ಲಿ ಪಾಠದ ಪಟ್ಟಿ ಮಾತ್ರ ಅಲ್ಲ, ಮಾರ್ಕ್ಸ್ ಹೇಗೆ, ಲೇಟಾದ್ರೆ ಏನು ಎಲ್ಲಾ ಮೊದಲ ದಿನನೇ ಬರೆದು ಕೊಡೋ ಒಪ್ಪಂದ, ಮಧ್ಯದಲ್ಲಿ ಬದಲಾಯಿಸಿದ್ರೆ ಕಂಪ್ಲೇಂಟ್ ಹೋಗತ್ತೆ. ಕ್ಲಾಸಲ್ಲಿ ರಾತ್ರಿ ಪಾಳಿ ಮುಗಿಸಿ ಬಂದೋರು, ಮಗು ಎತ್ಕೊಂಡು ಬಂದೋರು, ನಿಮಗಿಂತ ದೊಡ್ಡೋರು ಇರ್ತಾರೆ. ಇನ್ನೊಂದು, ನಮ್ಮ ಪಿಯು ಕಾಲೇಜಲ್ಲಿ ಅಪ್ಪ ಅಮ್ಮ ಬಂದು "ಮಗ ಹೇಗೆ ಓದ್ತಿದಾನೆ ಸಾರ್" ಅಂತ ಕೇಳಿದ್ರೆ ಕೂರಿಸಿ ಎಲ್ಲಾ ಹೇಳ್ತೀವಲ್ಲ, ಇಲ್ಲಿ ಫರ್ಪಾ ಅನ್ನೋ ಕಾನೂನಿದೆ, ವಿದ್ಯಾರ್ಥಿ ಒಪ್ಪಿಗೆ ಇಲ್ದೆ ಫೋನಲ್ಲಿ ಹಾಗೆಲ್ಲ ಹೇಳೋ ಹಾಗಿಲ್ಲ, ಹೈಸ್ಕೂಲ್ ಹುಡುಗ ನಿಮ್ಮ ಕ್ಲಾಸ್ ತಗೊಂಡಿದ್ರೂ ಅಷ್ಟೇ. ಉಚ್ಚಾರಣೆ ಬಗ್ಗೆ ಹೆದರ್ಕೊಳೋದು ಬೇಡ, ನಿಧಾನಕ್ಕೆ ಮಾತಾಡಿ, ಮುಖ್ಯವಾದ ಪದ ಬೋರ್ಡ್ ಮೇಲೆ ಬರೀರಿ, ಕ್ಲಾಸಲ್ಲಿ ಅರ್ಧ ಜನ ಮನೇಲಿ ಬೇರೆ ಭಾಷೆ ಮಾತಾಡೋರೇ ಇರ್ತಾರೆ.

ಕ್ಯಾನ್ವಾಸ್ ಅನ್ನೋ ಕ್ಲಾಸ್ ನಡೆಸೋ ಸಾಫ್ಟ್‌ವೇರ್ ಕಲ್ತಿರಿ, ಕ್ಯಾಲಿಫೋರ್ನಿಯಾದ ಕಾಲೇಜುಗಳೆಲ್ಲ ಹೆಚ್ಚುಕಮ್ಮಿ ಅದರಲ್ಲೇ ನಡೆಯೋದು. ಆನ್‌ಲೈನ್ ಕಲಿಸೋ ಬಗ್ಗೆ ಆನ್‌ಲೈನ್ ನೆಟ್‌ವರ್ಕ್ ಆಫ್ ಎಜುಕೇಟರ್ಸ್ ಅಂತ ರಾಜ್ಯದ್ದೇ ಟ್ರೇನಿಂಗ್ ಇದೆ. ಮ್ಯಾಥ್ಸ್‌ನೋರು ಎರಡು ವರ್ಷದ ಕಾಲೇಜಿನ ಗಣಿತ ಮೇಷ್ಟ್ರುಗಳ ಸಂಘ ಅಮ್ಯಾಟಿಕ್ ಸಮ್ಮೇಳನಕ್ಕೆ ಒಂದ್ಸಲ ಹೋಗಿ ಬನ್ನಿ.

ವೀಸಾ

ಇದನ್ನ ಲಾಯರ್ ಹತ್ರನೇ ಕೇಳಿ, ನಿಯಮ ಬದಲಾಗ್ತಾನೇ ಇರತ್ತೆ, ನಾನು ಹೇಳೋದು ದಿಕ್ಕು ಮಾತ್ರ. ಎಚ್-4 ಜೊತೆ ಇಎಡಿ (ಕೆಲಸ ಮಾಡೋ ಪರ್ಮಿಟ್) ಇರೋರಿಗೆ ಎಲ್ಲಕ್ಕಿಂತ ಸುಲಭ, ಪಾರ್ಟ್‌ಟೈಮ್ ಎರಡು ಕ್ಲಾಸ್ ಆದ್ರೂ ಹಿಡೀಬಹುದು. ಕಂಪನಿ ಎಚ್-1ಬಿನಲ್ಲಿರೋರು ಸಂಜೆ ಒಂದು ಕ್ಲಾಸ್ ಮಾಡ್ತೀನಿ ಅಂದ್ರೆ ಕಾಲೇಜು ಬೇರೆ ಪಿಟಿಶನ್ ಹಾಕ್ಬೇಕು, ಅದಿಲ್ದೆ ಮಾಡಿದ್ರೆ ಸ್ಟೇಟಸ್‌ಗೇ ಸಂಚಕಾರ. ಸರ್ಕಾರಿ ಕಮ್ಯುನಿಟಿ ಕಾಲೇಜು ಎಚ್-1ಬಿ ಲಾಟರಿಯಿಂದ ಹೊರಗೆ ಬರತ್ತೆ ಅನ್ನೋದು ನಿಜ, ಆದ್ರೆ ಸ್ಪಾನ್ಸರ್ ಮಾಡಲ್ಲ ಅಂತ ಜಾಹೀರಾತಲ್ಲೇ ಬರೆದಿರೋ ಕಾಲೇಜುಗಳು ಬೇಕಾದಷ್ಟಿವೆ. ಎಫ್-1ನಲ್ಲಿ ಓದು ಮುಗಿಸಿ ಒಪಿಟಿಗೆ (ಓದಿದ ಮೇಲೆ ಸ್ವಲ್ಪ ಕಾಲ ಕೆಲಸ ಮಾಡೋ ಅನುಮತಿ) ಬಂದೋರಿಗೆ ವಾರಕ್ಕೆ ಕನಿಷ್ಠ 20 ಗಂಟೆ ಕೆಲಸ ತೋರಿಸ್ಬೇಕಾಗತ್ತೆ, ಒಂದೇ ಕ್ಲಾಸ್ ಸಿಕ್ಕಿದ್ರೆ ಅದು ಹೊಂದಲ್ಲ, ಮೊದಲೇ ಇಂಟರ್ನ್ಯಾಷನಲ್ ಆಫೀಸಲ್ಲಿ ಮಾತಾಡಿ.

ಕೆಲಸಕ್ಕೆ ಹಾಕೋದು

ಬಹುತೇಕರು ಶುರು ಮಾಡೋದು ಪಾರ್ಟ್‌ಟೈಮಿಂದ. "ಪಾರ್ಟ್‌ಟೈಮ್ ಪೂಲ್" ಅಂತ ವರ್ಷ ಪೂರ್ತಿ ಅರ್ಜಿ ತಗೊಳ್ತಾರೆ, ಹಾಕಿ ಸುಮ್ನೆ ಕೂರ್ಬೇಡಿ, ಡಿಪಾರ್ಟ್‌ಮೆಂಟ್ ಚೇರ್‌ಗೆ ಚಿಕ್ಕದಾಗಿ ಒಂದು ಮೇಲ್ ಹಾಕಿ, ಸೆಮಿಸ್ಟರ್ ಶುರುವಾಗೋ ಹಿಂದಿನ ವಾರ ಯಾರೋ ಕೈಕೊಟ್ಟಾಗ ನೆನಪಾಗೋದು ಮೇಲ್ ಹಾಕಿದೋರೇ. ಕ್ಯಾಲಿಫೋರ್ನಿಯಾದಲ್ಲಿ ಪಾರ್ಟ್‌ಟೈಮ್‌ನೋರು ಒಂದು ಡಿಸ್ಟ್ರಿಕ್ಟಲ್ಲಿ ಫುಲ್‌ಟೈಮ್ ಲೋಡಿನ 67 ಪರ್ಸೆಂಟ್ ಮೀರೋ ಹಾಗಿಲ್ಲ, ಅದಕ್ಕೇ ಬೆಳಿಗ್ಗೆ ಒಂದು ಊರು ಸಂಜೆ ಇನ್ನೊಂದು ಊರು ಅಂತ ಓಡಾಡೋರು ತುಂಬಾ ಜನ, ಅವ್ರಿಗೆ ಫ್ರೀವೇ ಫ್ಲೈಯರ್ ಅಂತಾನೇ ಹೆಸರು. ಹೀಗೆ ವರ್ಷಗಟ್ಟಲೆ ಓಡಾಡಿದೋರೂ ಇದಾರೆ, ಮನೇಲಿ ಇನ್ನೊಂದು ಸಂಬಳ, ಇನ್ಶೂರೆನ್ಸ್ ಇಲ್ದೆ ಇದು ಕಷ್ಟ, ಇದನ್ನ ಮುಚ್ಚಿಟ್ಟು ಹೇಳಕ್ಕಾಗಲ್ಲ.

ಫುಲ್‌ಟೈಮ್ ಜಾಹೀರಾತುಗಳು ಹೆಚ್ಚಾಗಿ ಚಳಿಗಾಲದಲ್ಲಿ ಬರತ್ತೆ, ಕೆಲಸ ಶುರು ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ. ಎಲ್ಲಾ ಕಾಲೇಜಿಂದೂ ಒಂದೇ ಕಡೆ ನೋಡಕ್ಕೆ ಸಿಸಿಸಿ ರಿಜಿಸ್ಟ್ರಿ ಅಂತ ವೆಬ್‌ಸೈಟಿದೆ. ಇಂಟರ್‌ವ್ಯೂನಲ್ಲಿ ಕಮಿಟಿ ಎಲ್ರಿಗೂ ಒಂದೇ ಪ್ರಶ್ನೆಗಳನ್ನ ಓದಿ ಹೇಳಿ, ಮುಖ ಕೂಡ ಬದಲಾಯಿಸದೆ ಬರ್ಕೊಳ್ತಾ ಕೂರ್ತಾರೆ, ನೀವು ಚೆನ್ನಾಗಿ ಹೇಳಿಲ್ಲ ಅಂತ ಅರ್ಥ ಅಲ್ಲ, ಅವ್ರಿಗೆ ಹಾಗೇ ಹೇಳಿರ್ತಾರೆ. ಬೇರೆ ಬೇರೆ ಹಿನ್ನೆಲೆಯ ವಿದ್ಯಾರ್ಥಿಗಳಿಗೆ ಹೇಗೆ ಕಲಿಸ್ತೀರಿ ಅನ್ನೋ ಪ್ರಶ್ನೆ ಖಂಡಿತ ಬರತ್ತೆ, ಅದಕ್ಕೆ "ನಾನು ಎಲ್ರನ್ನೂ ಸಮಾನವಾಗಿ ನೋಡ್ತೀನಿ" ಅನ್ನೋ ಉತ್ತರ ಸಾಲಲ್ಲ, ಟ್ಯೂಟರಿಂಗ್ ಸೆಂಟರಲ್ಲಿ ನೀವು ಮಾಡಿದ ಯಾವುದಾದ್ರೂ ಒಂದು ಕೆಲಸ ಹೇಳಿ. ಟೀಚಿಂಗ್ ಡೆಮೋ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಇಡೀ ಅಧ್ಯಾಯ ತುರುಕ್ಬೇಡಿ. ಒಂದೇ ಒಂದು ವಿಚಾರ, ಒಂದು ಉದಾಹರಣೆ, ಕಮಿಟಿಯೋರ ಕೈಲೇ ಒಂದು ಲೆಕ್ಕ ಮಾಡ್ಸಿ, ಟೈಮಿಗೆ ಸರಿಯಾಗಿ ನಿಲ್ಸಿ.

ಆಫರ್ ಬಂದಾಗ ಸಂಬಳ ಚೌಕಾಸಿ ಮಾಡೋ ಥರದ್ದಲ್ಲ, ಒಂದು ಟೇಬಲ್ ಇರತ್ತೆ, ಅಡ್ಡಕ್ಕೆ ಎಷ್ಟು ಓದಿದೀರಿ, ಉದ್ದಕ್ಕೆ ಎಷ್ಟು ವರ್ಷ ಅನುಭವ ಅಂತ. ಮಾಸ್ಟರ್ಸ್ ಆದ ಮೇಲೆ ಮಾಡಿದ ಯೂನಿಟ್‌ಗಳಿಗೂ ಕಾಲಮ್ ಮೇಲೇರತ್ತೆ, ಅದಕ್ಕೆ ಎಲ್ಲಾ ಟ್ರಾನ್ಸ್‌ಕ್ರಿಪ್ಟ್ ಕೊಡಿ, ಹಳೇ ಡಿಗ್ರಿದೂ ಬಿಡ್ಬೇಡಿ. ಊರಲ್ಲಿ ಪಾಠ ಮಾಡಿದ ವರ್ಷಗಳನ್ನೂ ಕೆಲವು ಡಿಸ್ಟ್ರಿಕ್ಟ್‌ಗಳು ಲೆಕ್ಕಕ್ಕೆ ತಗೊಳತ್ತೆ, ಆದ್ರೆ ಕಾಲೇಜಿನ ಲೆಟರ್‌ಹೆಡ್ ಮೇಲೆ ಯಾವತ್ತಿಂದ ಯಾವತ್ತಿನ ತನಕ, ಫುಲ್‌ಟೈಮಾ ಗೆಸ್ಟ್ ಲೆಕ್ಚರರ್ರಾ ಅಂತ ಸ್ಪಷ್ಟವಾಗಿ ಇರ್ಬೇಕು. ಶುರುವಲ್ಲಿ ಯಾವ ಸಾಲಲ್ಲಿ ಕೂರಿಸ್ತಾರೋ ಆಮೇಲೆ ಅದನ್ನ ಬದಲಾಯಿಸೋದು ಕಷ್ಟ, ಆ ಲೆಟರ್ ಊರಿಂದ ತರ್ಸಕ್ಕೆ ತಿಂಗಳುಗಟ್ಟಲೆ ಹಿಡಿಯತ್ತೆ, ಹಾಗಾಗಿ ಅರ್ಜಿ ಹಾಕೋ ದಿನನೇ ನಿಮ್ಮ ಹಳೇ ಪ್ರಿನ್ಸಿಪಾಲ್ ಮೇಡಮ್ಮಿಗೋ ಸಾರಿಗೋ ಒಂದು ಫೋನ್ ಮಾಡ್ಬಿಡಿ.